ಸೆಮಿಸಿ ಮಾವನ ಕಡಲ ಪುಡಿ

ಲೂಸಿಯಾನೆ ಚಿಕ್ಕವಳಿದ್ದಾಗ ಸೆಮಿಸಿ ಮಾವನ ಮನೆಗೆ ಹೋದರೆ ಬರಿಗೈಯಲ್ಲಿ ವಾಪಸು ಬಂದದ್ದೇ ಇಲ್ಲ. ಕೋಳಿ ಬೇಕೆಂದರೆ ಕೋಳಿ, ಈಜುಗನ್ನಡಕ ಬೇಕೆಂದರೆ ಈಜುಗನ್ನಡಕ. ಒಮ್ಮೆಯಂತೂ ಚರ್ಚಿನ ಔತಣಕ್ಕೆಂದು ಕೊಬ್ಬಿಸಿಟ್ಟಿದ್ದ ಹಂದಿಯನ್ನೇ ಹಗ್ಗ ಹಿಡಿದು ಎಳೆದುಕೊಂಡು ಬಂದಿದ್ದಳು. ಟೊಂಗ ದೇಶದ ವವಾಉ ದ್ವೀಪಗಳಲ್ಲಿ ಅದು ಹಿಂದಿನಿಂದ ಬಂದದ್ದು. ಅಕ್ಕನ ಮಕ್ಕಳು ಕೈಚಾಚಿದರೆ ಸೋದರಮಾವ ಇಲ್ಲ ಅನ್ನುವ ಹಾಗಿಲ್ಲ. ಅವನು ಅವರ ಮುಂದೆ ಕೈಚಾಚುವ ಹಾಗೂ ಇಲ್ಲ. ಹೆಂಡತಿ ಓಫಾ ಗೊಣಗಿದರೆ ಮಾವ ನಗುತ್ತಿದ್ದ. "ಇವಳು ನಮ್ಮನೆ ರಾಣಿ ಕಣೇ. ರಾಣಿ ಲೂಟಿ ಮಾಡಿದ್ರೆ ಅದಕ್ಕೆ ಕಳ್ತನ ಅನ್ನಲ್ಲ," ಎನ್ನುತ್ತಿದ್ದ.

ದೊಡ್ಡವಳಾದ ಮೇಲೆ ಅವಳು ಅವನಿಂದ ಪಡೆದದ್ದು ಕಡಲಿನದೇ ಒಂದು ಮೂಲೆ. ಅಷ್ಟು ಹೊತ್ತಿಗೆ ತಾಯಿ ಫಿಫಿತಾ ಮಗಳನ್ನು ಕರೆದುಕೊಂಡು ನ್ಯೂಜಿಲೆಂಡಿನ ಪೊರಿರುವಾದಲ್ಲಿ ನೆಲೆಸಿಯಾಗಿತ್ತು. ಲೂಸಿಯಾನೆ ರಸಾಯನಶಾಸ್ತ್ರ ಓದಿ, ಪಕ್ಕದ ವೆಲ್ಲಿಂಗ್ಟನ್ನಿನ ಒಂದು ಪ್ರಯೋಗಾಲಯ ಸೇರಿದ್ದಳು. ಕಡಲಿನ ಜೀವಿಗಳನ್ನು ಅರೆದು, ಸೋಸಿ, ಅವುಗಳೊಳಗಿನ ಸಂಯುಕ್ತಗಳನ್ನು ಒಂದೊಂದಾಗಿ ಬೇರ್ಪಡಿಸಿ, ತಟ್ಟೆಗಳಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳ ಮೇಲೆ ಹನಿಸಿ ನೋಡುವುದು ಅಲ್ಲಿನ ಕೆಲಸ. ಅವಳ ಪಾಲಿಗೆ ಬಂದದ್ದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಇದೆಯೆಂದು ಗೊತ್ತಾಗುವಷ್ಟರಲ್ಲಿ ಕೈಮೀರಿ ಹೋಗಿರುವ ಜಾತಿಯದು.

ಒಂದು ಕ್ರಿಸ್ಮಸ್ ರಜೆಯಲ್ಲಿ ಅವಳು ಮಾವನನ್ನು ಕೇಳಿದಳು, ನಿನ್ನ ಕಡಲಲ್ಲಿ ಮೀನುಗಳು ಬಾಯಿ ಹಾಕದೆ ಬಿಡುವಂಥದ್ದು ಏನಿದೆ ಎಂದು. ಮಾವ ಯೋಚಿಸಿ, ಹವಳದ ದಿಬ್ಬದ ಕೆಳಗಿನ ಗವಿಯಲ್ಲಿ ಚಾವಣಿಗೆ ಅಂಟಿಕೊಂಡಿರುವ ಕೆಂಗಂದು ಸ್ಪಂಜು ಎಂಬ ಕಡಲಜೀವಿಯ ಹೆಸರೆತ್ತಿದ. ಮುಟ್ಟಿದರೆ ಕೈ ಉರಿ ಹತ್ತುತ್ತದೆ, ಆಮೆ ಕೂಡ ಅದರ ಹತ್ತಿರ ಸುಳಿಯುವುದಿಲ್ಲ ಎಂದ. ಊರ ಹಿರಿಯರ ಒಪ್ಪಿಗೆ, ಸರ್ಕಾರದ ಒಪ್ಪಿಗೆ ಎಲ್ಲ ಆದ ಮೇಲೆ ಅವನೇ ಉಸಿರು ಕಟ್ಟಿ ಮುಳುಗಿ, ಬುಡ ಬಿಟ್ಟು, ಸೊಪ್ಪು ಕೊಯ್ಯುವ ಹಾಗೆ ಕೊಯ್ದು, ಅಕ್ಕಿ ಚೀಲದಲ್ಲಿ ತುಂಬಿ ತಂದುಕೊಟ್ಟ.

ಆ ಚೀಲದಿಂದ ಕೊನೆಗೆ ಉಳಿದದ್ದು ಉಗುರಿನ ಮೇಲೆ ಹಿಡಿಯುವಷ್ಟು ಬಿಳಿ ಪುಡಿ. ಅಷ್ಟಕ್ಕೇ ಲೂಸಿಯಾನೆಯ ಎರಡು ಮೂರು ವರ್ಷ ಕಳೆದಿತ್ತು. ಆದರೆ ಆ ಪುಡಿಯ ಕಣವೊಂದನ್ನು ಕರಗಿಸಿ ತಟ್ಟೆಗೆ ಹಾಕಿದರೆ, ಬೇರೆ ಯಾವ ಔಷಧಿಗೂ ಬಗ್ಗದ ಜೀವಕೋಶಗಳು ಮರುದಿನಕ್ಕೆ ಗುಂಡಗೆ ಮುದುಡಿ ತೇಲುತ್ತಿದ್ದವು. ಪ್ರಯೋಗಾಲಯದ ಮುಖ್ಯಸ್ಥೆ ರೋವೆನಾ, ಅಷ್ಟು ಸುಲಭವಾಗಿ ಯಾರನ್ನೂ ಹೊಗಳದವಳು, ಅವಳ ಬೆನ್ನು ತಟ್ಟಿದಳು. ಟೊಂಗದ ಪತ್ರಿಕೆಯಲ್ಲಿ ಸುದ್ದಿ ಬಂತು. ವವಾಉವಿನ ಚರ್ಚಿನಲ್ಲಿ ಪಾದ್ರಿಗಳು ಸೆಮಿಸಿಯನ್ನು ಎದ್ದು ನಿಲ್ಲಿಸಿ, ಇವನ ಕಡಲಿನಲ್ಲಿ ದೇವರು ಮದ್ದು ಬಚ್ಚಿಟ್ಟಿದ್ದ ಎಂದರು. ಅಂದಿನಿಂದ ಊರಿನವರು ಅವನನ್ನು ಡಾಕ್ಟ್ರೇ ಎಂದು ರೇಗಿಸತೊಡಗಿದರು. ಅವನು ರೇಗಲಿಲ್ಲ, ನಂಬಿದ.

ಆಮೇಲಿನ ಸುದ್ದಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಪುಡಿಯನ್ನು ಇಲಿಗಳಿಗೆ ಕೊಟ್ಟು ನೋಡಿದಾಗ, ಗಡ್ಡೆ ಕರಗುವಷ್ಟು ಕೊಟ್ಟರೆ ಇಲಿಯೂ ಸಾಯುತ್ತಿತ್ತು. ಇಲಿ ಉಳಿಯುವಷ್ಟು ಕೊಟ್ಟರೆ ಗಡ್ಡೆಗೆ ಏನೂ ಆಗುತ್ತಿರಲಿಲ್ಲ. ಆ ಎರಡರ ನಡುವೆ ಜಾಗವೇ ಇರಲಿಲ್ಲ. ಲೂಸಿಯಾನೆ ಇದನ್ನು ಫೋನಿನಲ್ಲಿ ಮಾವನಿಗೆ ಹೇಳಿದ್ದಳು. ಅವನು ಜೋರಾಗಿ ನಕ್ಕು, "ಇಲಿ ಎಷ್ಟಿದ್ರೂ ಇಲಿನೇ ಕಣೇ. ಟೊಂಗದೋರ ಮೈ ನೋಡಿದ್ಯಾ?" ಎಂದು, ಮಳೆಯ ಮಾತು, ಮರಿಹಾಕಿದ ಹಂದಿಯ ಮಾತು ಶುರುಮಾಡಿದ್ದ. ಪುಡಿ ಫ್ರೀಜರಿಗೆ ಹೋಯಿತು. ಅವಳ ಕೆಲಸ ಅದರ ಅಣುವಿನ ರಚನೆಯನ್ನು ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಬದಲಿಸಿ, ವಿಷ ಕಡಿಮೆಯಾದೀತೇ ಎಂದು ನೋಡುವುದಕ್ಕೆ ತಿರುಗಿತು. ಹಾಗೆ ಮಾಡಿದ ಹೊಸ ಸಂಯುಕ್ತಗಳಲ್ಲಿ ಕೆಲವು ಯಾರನ್ನೂ ಕೊಲ್ಲಲಿಲ್ಲ, ಕ್ಯಾನ್ಸರನ್ನೂ.

ಆ ಚಳಿಗಾಲದಲ್ಲಿ ಮಾವ ವೆಲ್ಲಿಂಗ್ಟನ್ನಿಗೆ ಬಂದ. ವಿಮಾನ ನಿಲ್ದಾಣದ ಬಾಗಿಲಲ್ಲಿ ಲೂಸಿಯಾನೆ ಅವನನ್ನು ಹುಡುಕುತ್ತ ನಿಂತಿದ್ದಾಗ, ಗಾಲಿಕುರ್ಚಿಯಲ್ಲಿದ್ದ ಯಾರೋ ಹಳದಿ ಬಣ್ಣದ ಮುದುಕ ಅವಳ ಹೆಸರು ಕರೆದ. ಎತ್ತಿನಂಥ ಹೆಗಲಿದ್ದ ಮನುಷ್ಯನ ಅಂಗಿ ಈಗ ಹ್ಯಾಂಗರಿಗೆ ನೇತುಹಾಕಿದ ಹಾಗೆ ಜೋತಾಡುತ್ತಿತ್ತು. ಟೊಂಗದ ರಾಜಧಾನಿ ನುಕುಅಲೋಫಾದ ವೈದ್ಯರು ಹೊಟ್ಟೆಯಲ್ಲೇನೋ ಇದೆ, ನ್ಯೂಜಿಲೆಂಡಿಗೇ ಹೋಗಿ ತೋರಿಸಿ ಎಂದಿದ್ದರಂತೆ. ಓಫಾ ಅತ್ತೆ ಹಿಂದಿನಿಂದ ಗಾಲಿಕುರ್ಚಿ ತಳ್ಳುತ್ತ ಬಂದಳು, ತೊಡೆಯ ಮೇಲೆ ಅಕ್ಕನಿಗೆಂದು ನೇಯ್ದ ಕೇದಿಗೆ ಚಾಪೆಯ ಸುರುಳಿ ಇಟ್ಟುಕೊಂಡು ಮಾವ ನಗುತ್ತಿದ್ದ.

ಆಸ್ಪತ್ರೆಯವರು ಪರೀಕ್ಷೆ ಮಾಡಿದರು. ಪಿತ್ತನಾಳಕ್ಕೆ ಸಣ್ಣ ಕೊಳವೆ ಇಟ್ಟರು. ಆಮೇಲೆ ಒಂದು ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿದರು. ರೋಗದ ಹೆಸರು ಹೇಳುವ ಮೊದಲೇ ಲೂಸಿಯಾನೆಗೆ ಗೊತ್ತಾಗಿತ್ತು. ವೈದ್ಯೆ ಹೇಳಿದ್ದನ್ನು ಟೊಂಗದ ಮಾತಿಗೆ ತಿರುಗಿಸಲು ಆಸ್ಪತ್ರೆಯ ದುಭಾಷಿ ಬಂದಿದ್ದ. ಪಿತ್ತಜನಕಾಂಗಕ್ಕೆ ಹರಡಿದೆ, ಕತ್ತರಿಸುವ ಹಂತ ದಾಟಿದೆ, ಔಷಧಿ ಕೊಟ್ಟರೆ ಕೆಲವು ವಾರ ಹೆಚ್ಚಾಗಬಹುದು, ಆದರೆ ಅಷ್ಟನ್ನು ತಾಳಿಕೊಳ್ಳುವ ಶಕ್ತಿ ಈ ಮೈಯಲ್ಲಿಲ್ಲ; ನೋವಾಗದಂತೆ ನೋಡಿಕೊಳ್ಳುತ್ತೇವೆ. ಓಫಾ ಅತ್ತೆ ಸೆರಗಿನಂತೆ ಹೊದ್ದಿದ್ದ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. ಮಾವ ಮಾತ್ರ ದುಭಾಷಿಗೆ ಮರ್ಯಾದೆಯಿಂದ ತಲೆಯಾಡಿಸುತ್ತ, ನಡುವೆ ಒಮ್ಮೆ ಲೂಸಿಯಾನೆಯ ಕಡೆ ತಿರುಗಿ ಕಣ್ಣು ಮಿಟುಕಿಸಿದ. ಇವರಿಗೇನು ಗೊತ್ತು, ನೀನಿದ್ದೀಯಲ್ಲ ಎನ್ನುವ ಹಾಗೆ.

ಕೊಳವೆ ಇಟ್ಟ ಮೇಲೆ ಹಳದಿ ಇಳಿಯಿತು, ತುರಿಕೆ ನಿಂತಿತು, ಒಂದೆರಡು ತುತ್ತು ಊಟವೂ ಸೇರಿತು. ಅದು ಗುಣವಲ್ಲ, ಬರೀ ಬಿಡುವು ಎಂದು ಲೂಸಿಯಾನೆಗೆ ಗೊತ್ತಿತ್ತು. ಮನೆಯವರಿಗೆ ಅದೇ ಶುಭಶಕುನವಾಗಿ ಕಂಡಿತು. ಭಾನುವಾರ ಚರ್ಚಿನಿಂದ ಬಂದು, ಫಿಫಿತಾ ಕೆಸುವಿನೆಲೆಯಲ್ಲಿ ಮಾಂಸ ಸುತ್ತಿ ತೆಂಗಿನಹಾಲಿನಲ್ಲಿ ಬೇಯಿಸಿದ್ದನ್ನು ಬಡಿಸಿದಳು. ಮಾವ ಎಲೆಯನ್ನು ಬಿಡಿಸಿ ಪರಿಮಳ ಮಾತ್ರ ಎಳೆದುಕೊಂಡು ತಟ್ಟೆ ಪಕ್ಕಕ್ಕಿಟ್ಟ. ಆಮೇಲೆ ನೆಲದ ಮೇಲೆ ಕಾಲು ಮಡಿಸಿ ಕೂತ. ಹಾಗೆ ಕೂರಲು ಅವನಿಗೆ ತುಂಬ ಕಷ್ಟವಾಯಿತು, ಆದರೂ ಕೂತ. ತಲೆ ಬಗ್ಗಿಸಿಕೊಂಡೇ ಮಾತಾಡಿದ.

"ಲೂಸಿ, ನಿನ್ ಹತ್ರ ನಾನು ಯಾವತ್ತೂ ಏನೂ ಕೇಳ್ದೋನಲ್ಲ. ಕೇಳ್ಬಾರ್ದು ಅಂತಾನೂ ಗೊತ್ತು. ಈಗ ಕೇಳ್ತಾ ಇದೀನಿ. ಆ ಪುಡಿ ಒಂಚೂರು ಕೊಡು."

ಅವಳು ಹೋಗಿ ಅವನೆದುರು ಕೂತು ಎಲ್ಲವನ್ನೂ ಹೇಳಿದಳು. ತಟ್ಟೆಯ ಕಥೆ, ಇಲಿಯ ಕಥೆ, ಪಿತ್ತಜನಕಾಂಗ ಸುಟ್ಟು ಹೋಗುವ ಕಥೆ. ಅದಕ್ಕೆ ಔಷಧಿ ಎಂದು ಕರೆಯುವುದೇ ತಪ್ಪು, ಅದು ಔಷಧಿಯಾಗುವ ದಾರಿಯಲ್ಲಿ ಸಿಕ್ಕಿಬಿದ್ದಿರುವ ವಿಷ ಎಂದಳು. ಮಾವ ಪಾದ್ರಿಯ ಉಪದೇಶ ಕೇಳುವವನ ಹಾಗೆ ಕೇಳಿಸಿಕೊಂಡ. ಮುಗಿದ ಮೇಲೆ, "ಹಾಗಾದ್ರೆ ತೋರಿಸಾದ್ರೂ ತೋರ್ಸು. ಅದರ ಮುಖನೇ ನೋಡಿಲ್ಲ ನಾನು," ಎಂದ.

ರೋವೆನಾ ಒಪ್ಪಿದಳು. ತಾನೇ ಬಾಗಿಲಿಗೆ ಬಂದು ಮಾವನ ಕೈಹಿಡಿದು, ನಿಮ್ಮ ಕಡಲು ನಮಗೆ ತುಂಬ ಕಲಿಸಿದೆ ಎಂದಳು. ಮಾವ ಅದನ್ನು ಮೆಚ್ಚಿಕೊಂಡ. ಅವನಿಗೊಂದು ಬಿಳಿ ಕೋಟು ಹಾಕಿದರು. ತೋಳು ಗಿಡ್ಡವಾಯಿತು. ಲೂಸಿಯಾನೆ ಫ್ರೀಜರಿನಿಂದ ಶೀಶೆ ತೆಗೆದಾಗ ಅವನು ಅದನ್ನು ಬೆಳಕಿಗೆ ಹಿಡಿದು, ಎಲ್ಲಿದೆ ಎಂದು ಕೇಳಿದ. ತಳದಲ್ಲಿ ಮಂಜು ಕಟ್ಟಿದ ಹಾಗಿದ್ದ ಬಿಳಿಪನ್ನು ಅವಳು ಬೆರಳಿಟ್ಟು ತೋರಿಸಬೇಕಾಯಿತು.

"ಇಷ್ಟೇನಾ? ಒಂದು ಚೀಲ ಕೊಟ್ಟಿದ್ನಲ್ಲೇ."

"ಚೀಲದಲ್ಲಿ ಇದ್ದಿದ್ದೇ ಇಷ್ಟು, ಮಾವ. ಅದ್ರಲ್ಲೂ ಅರ್ಧ ಖರ್ಚಾಗಿದೆ."

ಆಮೇಲೆ ಅವಳು ಅವನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, ಬೆಚ್ಚನೆಯ ಪೆಟ್ಟಿಗೆಯಿಂದ ಎರಡು ತಟ್ಟೆ ತಂದಿಟ್ಟಳು. ಮೊದಲನೆಯದರಲ್ಲಿ ಜೀವಕೋಶಗಳು ಒಂದಕ್ಕೊಂದು ಒತ್ತಿಕೊಂಡು ಕಲ್ಲುಹಾಸಿನಂತೆ ಹರಡಿದ್ದವು. ಎರಡನೆಯದಕ್ಕೆ ಹಿಂದಿನ ದಿನ ಪುಡಿಯ ದ್ರಾವಣ ಹಾಕಿತ್ತು. ಅದರಲ್ಲಿ ಎಲ್ಲ ಕಿತ್ತುಬಂದು, ಚೂರುಚೂರಾಗಿ, ಖಾಲಿ ನೆಲ ಕಾಣುತ್ತಿತ್ತು. ಮಾವ ಬಹಳ ಹೊತ್ತು ಕಣ್ಣಿಟ್ಟುಕೊಂಡೇ ಇದ್ದ. ಆ ತಟ್ಟೆಯನ್ನು ತೋರಿಸಬಾರದಿತ್ತು ಎಂದು ಅವಳಿಗೆ ಆಗ ಅನ್ನಿಸಿತು.

"ನನ್ನೊಳಗಿರೋದೂ ಇದೇನಾ?" ಎಂದು ಕಣ್ಣು ತೆಗೆಯದೆ ಕೇಳಿದ.

"ಅದೇ ಜಾತಿ."

"ಸತ್ತುಹೋಗಿದೆಯಲ್ಲೇ. ಎಲ್ಲ ಸತ್ತಿದೆ."

"ತಟ್ಟೆಲಿ ಅದೊಂದೇ ಇರೋದು, ಮಾವ. ನಿನ್ನೊಳಗೆ ಅದೊಂದೇ ಇಲ್ವಲ್ಲ. ನೀನೂ ಇದೀಯ."

ಅವನು ತಲೆಯೆತ್ತಿದ. ಕಣ್ಣಿನ ಸುತ್ತ ಮಸೂರದ ಗುರುತು ಬಿದ್ದಿತ್ತು. "ನಾನು ಹೇಗೂ ಹೋಗೋನೇ. ಅದ್ರಿಂದಾನೇ ಹೋಗ್ತೀನಿ ಬಿಡು. ಸುಮ್ನೆ ಬಿದ್ಕೊಂಡು ಹೋಗೋದಕ್ಕಿಂತ ಒಂದು ಕೈ ನೋಡಿ ಹೋದ ಹಾಗಾಗುತ್ತೆ."

ಈ ಮಾತಿಗೆ ಅವಳ ಬಳಿ ಇದ್ದದ್ದು ಲೆಕ್ಕ ಮಾತ್ರ. ಶೀಶೆಯಲ್ಲಿರುವುದನ್ನೆಲ್ಲ ಸುರಿದರೂ ಒಬ್ಬ ಮನುಷ್ಯನ ಗಡ್ಡೆಯ ಅಂಚನ್ನೂ ಅದು ಮುಟ್ಟಲಾರದು. ನೋವು ಕೊಡುವುದಕ್ಕೆ ಮಾತ್ರ ಸಾಕಾದೀತು. ಅದನ್ನು ಹೇಳಿದಳು. ಮಾವ ಕೋಟು ಬಿಚ್ಚಿ, ಮಡಿಸಿ, ಕುರ್ಚಿಯ ಮೇಲಿಟ್ಟ.

ಅವನನ್ನು ಮನೆಗೆ ಬಿಟ್ಟು ಬಂದು ಅವಳು ರೋವೆನಾಳ ಕೋಣೆಗೆ ಹೋದಳು. ಕೇಳಬಾರದ್ದನ್ನೇ ಕೇಳಿದಳು, ಯಾವ ದಾರಿಯೂ ಇಲ್ಲವೇ ಎಂದು. ರೋವೆನಾ ಬೈಯಲಿಲ್ಲ. ಇದ್ದಿದ್ದರೆ ನೀನು ಕೇಳುವ ಮೊದಲೇ ನಾನು ಹೇಳುತ್ತಿದ್ದೆ ಎಂದಳು. ಮನುಷ್ಯರಿಗೆ ಕೊಡುವಷ್ಟು ಶುದ್ಧವಾಗಿ ಮಾಡಿಲ್ಲ, ಅಷ್ಟು ಪ್ರಮಾಣದಲ್ಲಿಯೂ ಇಲ್ಲ, ಯಾರೂ ಅನುಮತಿ ಕೊಡುವುದಿಲ್ಲ. ಇದೆಲ್ಲ ಇದ್ದರೂ ಆ ಇಲಿಗಳನ್ನು ನೀನೇ ನೋಡಿದ್ದೀಯಲ್ಲ ಎಂದಳು. ಲೂಸಿಯಾನೆ ನೋಡಿದ್ದಳು. ಮೂಲೆಯಲ್ಲಿ ಬೆನ್ನು ಗೂನಾಗಿಸಿ, ರೋಮ ನಿಮಿರಿಸಿ ನಡುಗುತ್ತಿದ್ದವು.

ಫಿಫಿತಾಗೆ ಇದಾವುದೂ ಹಿಡಿಸಲಿಲ್ಲ. ಪಾತ್ರೆ ತೊಳೆಯುತ್ತಿದ್ದವಳು ತಿರುಗಿ ನಿಂತು, "ಹುಟ್ಟಿದಾಗಿಂದ ಅವನ ಮನೇದು ಎಳ್ಕೊಂಡು ಬಂದೋಳು ನೀನು. ಈಗವನು ಒಂದೇ ಒಂದು ಕೇಳಿದ್ರೆ ನಿನ್ ಬಾಯಲ್ಲಿ ಇಲಿ ಕಥೆ. ಓದಿ ಏನು ಬಂತೇ ನಿಂಗೆ?" ಎಂದಳು.

"ಅದು ಸಾಯಿಸುತ್ತೆ ಅಂತ ಗೊತ್ತಾಗೋದು ಬಂತು, ಅಮ್ಮ."

"ಅದು ನಮಗೂ ಗೊತ್ತು. ಉಳಿಸೋದು ಗೊತ್ತಿದ್ರೆ ಹೇಳು."

ಆಮೇಲೆ ತಾಯಿ ಮಗಳು ಕೆಲವು ದಿನ ಮಾತು ಬಿಟ್ಟರು.

ಊರಿಗೆ ಹೋಗುತ್ತೇನೆ ಎಂದು ಮಾವನೇ ಹೊರಟ. ಇಲ್ಲಿ ಚಳಿ, ಕಡಲಿಗೂ ಬಣ್ಣವಿಲ್ಲ ಎಂದ. ಲೂಸಿಯಾನೆ ರಜೆ ಹಾಕಿ ಜೊತೆಗೆ ಹೊರಟಳು. ಆಸ್ಪತ್ರೆಯವರು ಕೊಟ್ಟ ನೋವಿನ ಔಷಧಿಯನ್ನು ಹೇಗೆ, ಯಾವಾಗ ಕೊಡಬೇಕೆಂದು ಬರೆಸಿಕೊಂಡಳು. ವವಾಉವಿನ ಮನೆ ತಲುಪಿದ ಮೇಲೆ ಮಾವ ಗೆಲುವಾದ. ಗಾಳಿ ಬರುವ ಕಡೆ ಹಾಸಿಗೆ ಹಾಕಿಸಿಕೊಂಡು, ಬಂದವರೊಂದಿಗೆ ಹರಟಿದ. ಡಾಕ್ಟ್ರೇ, ನಿಮ್ಮ ಮದ್ದು ನೀವೇ ತಿಂದು ಮುಗಿಸಿದ್ರಾ ಎಂದು ಗೆಳೆಯನೊಬ್ಬ ರೇಗಿಸಿದರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಮಗ ಪೇನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಏನೋ ಪಿಸುಗುಟ್ಟುತ್ತಿದ್ದ. ದೋಣಿಯ ವಿಚಾರವಿರಬೇಕು ಎಂದುಕೊಂಡಳು ಲೂಸಿಯಾನೆ.

ಒಂದು ಬೆಳಿಗ್ಗೆ ಅವಳು ಹತ್ತಿರದ ಪೇಟೆ ನೇಯಾಫುವಿನ ಆಸ್ಪತ್ರೆಗೆ ಹೋಗಿ ಹಿಂದಿರುಗುವಾಗ ಹಿತ್ತಲಿನ ಅಡುಗೆ ಗುಡಿಸಲಿನಿಂದ ಒಂದು ವಾಸನೆ ಬಂತು. ಕೊಳೆತ ಚಿಪ್ಪು, ಅಯೋಡಿನ್ನು, ಸುಟ್ಟ ಕೂದಲು ಎಲ್ಲ ಸೇರಿದ ವಾಸನೆ. ಆ ವಾಸನೆಯ ನಡುವೆ ಅವಳು ವರ್ಷಗಟ್ಟಲೆ ಕೆಲಸ ಮಾಡಿದ್ದಳು. ಒಲೆಯ ಪಕ್ಕ ಪೇನಿ ನಿಂತಿದ್ದ, ಎರಡು ಕೈಗೂ ಬಟ್ಟೆ ಸುತ್ತಿಕೊಂಡಿದ್ದ, ಬೆರಳುಗಳು ಬಾತಿದ್ದವು. ಪಾತ್ರೆಯಲ್ಲಿ ಕಂದು ನೊರೆ ಉಕ್ಕುತ್ತಿತ್ತು. ಒಂದು ತೆಂಗಿನ ಚಿಪ್ಪು ತುಂಬ ಸ್ಪಂಜಿನ ಕಷಾಯ ಸೋಸಿ ಆಗಲೇ ಒಳಗೆ ಕಳಿಸಿಯಾಗಿದೆ ಎಂದ.

ಅವಳು ಒಳಗೆ ಓಡಿದಳು. ಮಾವ ದಿಂಬಿಗೆ ಒರಗಿ, ಚಿಪ್ಪನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದ. ಬಿಸಿ ಆರಲೆಂದು ಊದುತ್ತಿದ್ದ. ಓಫಾ ಅತ್ತೆ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಳು.

"ಕುಡಿದ್ಯಾ?"

"ಇನ್ನೂ ಇಲ್ಲ."

ಅವಳು ವಾದ ಮಾಡಲಿಲ್ಲ. ವಾದ ಮಾಡಿ ಸೋತಿದ್ದಳು. ಎದುರು ನಿಂತು ಕೈ ಚಾಚಿದಳು. "ಅದು ನಂಗೆ ಬೇಕು, ಮಾವ. ಕೊಡು."

ಓಫಾ ಕಣ್ಣು ತೆರೆದಳು. ಪೇನಿ ಬಾಗಿಲಲ್ಲೇ ನಿಂತ. ಮಾವ ಅವಳ ಮುಖವನ್ನೇ ನೋಡಿದ. ಚಿಪ್ಪನ್ನು ಇನ್ನೊಂದು ಸಲ ನೋಡಿ, ಚೆಲ್ಲದ ಹಾಗೆ ಜೋಪಾನವಾಗಿ ಅವಳ ಕೈಗಿಟ್ಟ.

"ತಗೋ. ನಿಂಗೆ ಇಲ್ಲ ಅನ್ನೋಕೆ ನಂಗೆ ಬರಲ್ಲ," ಎಂದ.

ಅವಳು ಅದನ್ನು ಹಿತ್ತಲಿಗೆ ಒಯ್ದು ಗುಂಡಿ ತೋಡಿ ಸುರಿದಳು. ಪಾತ್ರೆಯಲ್ಲಿದ್ದದ್ದನ್ನೂ ಸುರಿದು, ಹಂದಿಗಳು ಕೆದಕದಿರಲೆಂದು ಮೇಲೆ ಹವಳದ ಕಲ್ಲುಗಳನ್ನು ಹೇರಿದಳು. ಪೇನಿ ನೋಡುತ್ತ ನಿಂತಿದ್ದ. ಅಪ್ಪ ಹೇಳಿದ ಗವಿಗೆ ಹೋಗಿ ಬರುವುದರೊಳಗೆ ಎರಡು ಸಲ ಪ್ರಜ್ಞೆ ತಪ್ಪುವಂತಾಯಿತು ಎಂದಷ್ಟೇ ಹೇಳಿದ. ಅವನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನ ಕೈಯ ಬಟ್ಟೆ ಬಿಚ್ಚಿ ತೊಳೆದು, ಮುಲಾಮು ಹಚ್ಚಿದಳು.

ಅದಾದ ಮೇಲೆ ಮಾವ ಪುಡಿಯ ಮಾತು ಎತ್ತಲಿಲ್ಲ. ಬೇರೆ ಮಾತೂ ಕಡಿಮೆಯಾಯಿತು. ಮುಖ ಗೋಡೆಯ ಕಡೆ ತಿರುಗಿತು. ಹಳದಿ ಮತ್ತೆ ಏರಿತು, ಹೊಟ್ಟೆ ಊದಿತು. ನೋವಿನ ಔಷಧಿ ನೇಯಾಫುವಿನಲ್ಲಿ ಮುಗಿದು, ನುಕುಅಲೋಫಾದಿಂದ ಬರುವ ದೋಣಿ ಗಾಳಿಗೆ ಸಿಕ್ಕು ತಡವಾದಾಗ ಅವನು ಹಲ್ಲು ಕಚ್ಚಿಕೊಂಡು ನರಳಿದ. ಕೊನೆ ಕೊನೆಗೆ ಹಲ್ಲು ಕಚ್ಚುವ ಶಕ್ತಿಯೂ ಹೋಯಿತು. ಲೂಸಿಯಾನೆ ತೇವದ ಬಟ್ಟೆಯಿಂದ ಅವನ ಹಣೆ ಒರೆಸುತ್ತಿದ್ದಳು. ಇಂಥ ಜೀವಕೋಶ ಎಷ್ಟು ಹೊತ್ತಿಗೆ ಇಮ್ಮಡಿಯಾಗುತ್ತದೆ, ಯಾವ ಸಂಯುಕ್ತ ಅದರ ಯಾವ ಬಾಗಿಲು ಮುಚ್ಚುತ್ತದೆ ಎಂದೆಲ್ಲ ಬಲ್ಲವಳು. ಬಟ್ಟೆ ಒಣಗಿದರೆ ಮತ್ತೆ ಅದ್ದುವುದೊಂದೇ ಅಲ್ಲಿ ಅವಳ ಕೈಲಾಗುತ್ತಿದ್ದದ್ದು. ಒಮ್ಮೆ ಓಫಾ ಅತ್ತೆ ಮೆಲ್ಲಗೆ, "ಅದನ್ನ ಕುಡಿದಿದ್ರೂ ಇಷ್ಟೇ ನೋವಾಗ್ತಿತ್ತಾ?" ಎಂದು ಕೇಳಿದಳು. ಹೆಚ್ಚಾಗುತ್ತಿತ್ತು ಎಂದಳು ಲೂಸಿಯಾನೆ. ಹೇಳುವಾಗ ತನ್ನ ದನಿ ತನಗೇ ನಂಬಿಕೆಗೆ ಬಾರದ ಹಾಗೆ ಕೇಳಿಸಿತು. ಬೆಳಗಿನ ಜಾವದ ಮಳೆಯಲ್ಲಿ ಮಾವ ಹೋದ.

ಫಿಫಿತಾ ವಿಮಾನದಿಂದಿಳಿದು ನೇರ ತಮ್ಮನ ಬಳಿ ಬಂದು ಅವನ ಪಾದ ಹಿಡಿದು ಅತ್ತಳು. ಮಗಳನ್ನು ಬೈಯಲಿಲ್ಲ. ಅಂತ್ಯಕ್ರಿಯೆಗೆ ಊರೆಲ್ಲ ಕಪ್ಪು ಉಟ್ಟು ಬಂತು. ನಂಟಸ್ತಿಕೆಯಲ್ಲಿ ಸತ್ತವನಿಗಿಂತ ಕೆಳಗಿನವರು ಸೊಂಟಕ್ಕೆ ಹರಕು ಚಾಪೆ ಸುತ್ತಿಕೊಂಡು ಹೊರಗೆ ಒಲೆಯ ಬಳಿ ದುಡಿದರು. ಅಕ್ಕನ ಮಗಳಾದ್ದರಿಂದ ಲೂಸಿಯಾನೆಯನ್ನು ಶವದ ತಲೆದೆಸೆಯಲ್ಲಿ ಕೂರಿಸಿದರು. ಬಂದವರು ತಂದ ಚಾಪೆಗಳಲ್ಲಿ, ಮರದ ತೊಗಟೆ ಬಡಿದು ಮಾಡಿದ ಬಟ್ಟೆಗಳಲ್ಲಿ ಅತ್ಯುತ್ತಮವಾದದ್ದನ್ನು ಅವಳ ಮುಂದೆ ಇಡುತ್ತ ಹೋದರು. ಓಫಾ ತನ್ನ ಮದುವೆಯ ಚಾಪೆಯನ್ನೇ ಅವಳ ಮುಂದಕ್ಕೆ ಸರಿಸಿದಳು. ಬೇಡ ಎನ್ನುವಂತಿರಲಿಲ್ಲ. ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಪಡೆದುಕೊಂಡಳು.

ಮರಳಿ ಹೊರಡುವ ಹಿಂದಿನ ದಿನ, ಪಕ್ಕದ ದ್ವೀಪದಿಂದ ಒಬ್ಬ ಹೆಂಗಸು ದೋಣಿಯಲ್ಲಿ ಬಂದಳು. ಗುರುತಿನವಳಲ್ಲ. ಬುಟ್ಟಿ ತುಂಬ ದೀವಿಹಲಸು ತಂದಿದ್ದಳು. ಅಂಗಳದಲ್ಲೇ ಕೂತು, ಗಂಡನಿಗೆ ಹೊಟ್ಟೆಯಲ್ಲಿ ಅದೇ ರೋಗವಂತೆ, ಮದ್ದಿನ ಮಗಳು ಬಂದಿದ್ದಾಳೆ ಎಂದು ಕೇಳಿ ಬಂದೆ ಎಂದಳು. ಲೂಸಿಯಾನೆ ಮೊದಲಿನಿಂದ ಎಲ್ಲವನ್ನೂ ಹೇಳಿದಳು. ತಟ್ಟೆ, ಇಲಿ, ವಿಷ. ಯಾರೂ ಆ ಸ್ಪಂಜನ್ನು ಕುದಿಸಿ ಕುಡಿಯಬಾರದು, ನಿಮ್ಮೂರಲ್ಲೂ ಹೇಳಿ ಎಂದಳು. ಹೆಂಗಸು ತಾಳ್ಮೆಯಿಂದ ಕೇಳಿಸಿಕೊಂಡಳು.

"ವಿಷ ತೆಗೆಯೋ ಕೆಲಸ ನಡೀತಾ ಇದೆ ಅಂದ್ರಲ್ಲ. ಯಾವಾಗ ಆಗುತ್ತೆ?"

"ಗೊತ್ತಿಲ್ಲಮ್ಮ. ಆಗ್ದೇನೂ ಇರ್ಬಹುದು."

"ಹೊಸ ವರ್ಷದೊಳಗೆ ಆಗುತ್ತಾ?"

"ಇಲ್ಲ."

ಹೆಂಗಸು ತಲೆಯಾಡಿಸಿ, ಬುಟ್ಟಿಯ ಹಣ್ಣುಗಳನ್ನು ಒಂದೊಂದಾಗಿ ಚಾಪೆಯ ಮೇಲೆ ಜೋಡಿಸಿದಳು. ವಾಪಸು ಒಯ್ಯಿರಿ ಎಂದರೆ ಕೇಳಲಿಲ್ಲ. ಎದ್ದು ನಿಂತು, "ಅವರು ದಾರಿ ನೋಡ್ತಾ ಇರ್ತಾರೆ. ಏನಂತ ಹೇಳ್ಲಿ?" ಎಂದಳು.

ಲೂಸಿಯಾನೆ ಅವಳ ಜೊತೆ ದಡದವರೆಗೆ ನಡೆದಳು. ಎಂಜಿನ್ನು ಹಿಡಿಯಲು ತಡವಾಯಿತು. ಅಷ್ಟು ಹೊತ್ತೂ ಲೂಸಿಯಾನೆ ಮೊಣಕಾಲಿನವರೆಗಿನ ನೀರಿನಲ್ಲಿ ನಿಂತು ದೋಣಿಯ ಹಗ್ಗ ಹಿಡಿದುಕೊಂಡಿದ್ದಳು. ಎಂಜಿನ್ನು ಶುರುವಾದ ಮೇಲೆ ಹಗ್ಗವನ್ನು ಒಳಗೆಸೆದಳು.